ಸಿದರಾಯ ನಕ್ಕರೆ

ಆರನೆಯ ಮಗ್ಗದ ಲಾಳಿ ಎಡಕ್ಕೆ ಹೋಗುವಾಗ ಒಂದು ಪೆಟ್ಟು, ಬಲಕ್ಕೆ ಬರುವಾಗ ಇನ್ನೊಂದು ಪೆಟ್ಟು, ಎರಡೂ ಒಂದೇ ಥರ ಇಲ್ಲ ಇವತ್ತು, ಕಿವಿಗೆ ಇಷ್ಟೆಲ್ಲ ಎಲ್ಲಿ ಕೇಳಬೇಕು ನನಗೆ, ಅಂಗಾಲಿಗೆ ಕೇಳುತ್ತದೆ, ಫರಸಿಯಿಂದ ಹತ್ತಿ ಮೊಣಕಾಲಿಗೆ ಬರುತ್ತದೆ — ಇವರು ಇದ್ದಿದ್ದರೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಆರನೇದಕ್ಕ ಬೆಲ್ಟ ಸಡ್ಲ ಆಗೇತಿ ಅಂದು ಬೋಲ್ಟು ಬಿಗಿಸುವ ಪಾನಾ ಹಿಡಿದು ಅದರ ಹೊಟ್ಟೆಯ ಕೆಳಗೆ ನುಗ್ಗಿಬಿಡುತ್ತಿದ್ದರು, ಇಪ್ಪತ್ತೆಂಟು ವರ್ಷ ಈ ಶೆಡ್ಡಿನ ಮಿಸ್ತ್ರಿ ಹೊಳಬಸಪ್ಪ, ನನ್ನ ಗಂಡ, ಈಗ ಧಾರವಾಡದ ಯಾವುದೋ ಹಳೆ ಮನೆಯಲ್ಲಿ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಇಂದ್ರವ್ವ ಅನ್ನುವ ಅಜ್ಜಿಯಾಗಿ ಕ್ಯಾಮೆರಾದ ಮುಂದೆ ಕೂತಿದ್ದಾರೆ, ಬೆಲ್ಟು ಸಡಿಲಾದರೆ ಆಗಲಿ. ಲಾಳಿಗೆ ನೂಲು ಸುತ್ತುವ ಕಂಡಿಕೆ ತುಂಬಿತು, ತೆಗೆ, ಬುಟ್ಟಿಗೆ ಹಾಕು, ಖಾಲಿಯದನ್ನು ಸಿಗಿಸು, ಎಳೆ ಹಚ್ಚು, ಕೈಗೆ ಕಣ್ಣಿನ ಹಂಗಿಲ್ಲ, ಕಣ್ಣು ಗಡಿಯಾರದ ಮೇಲಿದೆ, ಹತ್ತು ಐವತ್ತು. ಹನ್ನೊಂದಕ್ಕೆ ಟೀವಿಯಲ್ಲಿ ಇವರ ಧಾರಾವಾಹಿಯ ನಿನ್ನೆಯ ಕಂತಿನ ಮರುಪ್ರಸಾರ, ಹನ್ನೊಂದೂವರೆಗೆ ಕರೆಂಟ್ ಹೋಗುತ್ತದೆ, ಈ ವಾರ ನಮ್ಮ ಓಣಿಗೆ ಅದೇ ಪಾಳಿ, ಮಗ್ಗ ನಿಂತರೆ ಮಾತ್ರ ನನಗೆ ಮಾತು ಕೇಳುತ್ತದೆ ಅಂತ ಗೊತ್ತಿರುವುದರಿಂದ ಸರಿಯಾಗಿ ಆಗಲೇ ಇವರ ಫೋನು ಬರುತ್ತದೆ, ಮತ್ತು ನಾನು ಒಂದೇ ಮಾತು ಹೇಳಬೇಕು. ಇದು ಓಡತೈತೋ ಇಲ್ಲೋ, ಖರೆ ಹೇಳ, ನನ್ನ ಮಾರಿ ನೋಡಿ ಹೇಳಬ್ಯಾಡ, ಅಂದಿದ್ದರು ನಿನ್ನೆ ಸಂಜೆ. ಇವತ್ತು ಮಧ್ಯಾಹ್ನ ಡೈರೆಕ್ಟರು ಒಂದು ವರ್ಷದ ಕರಾರಿಗೆ ಸಹಿ ಕೇಳಿದ್ದಾನೆ. ಇತ್ತ ಶೆಡ್ಡಿನ ಮಾಲೀಕ ಶಿವಯೋಗೆಪ್ಪ ಸಾಹುಕಾರರು ಸೋಮವಾರದ ತನಕ ಮಾತ್ರ ಜಾಗ ಹಿಡಿದಿಟ್ಟಿದ್ದಾರೆ, ಬಂದ್ರ ಬರ್ಲಿ ಮುತ್ತವ್ವ, ಇಲ್ಲಂದ್ರ ಇಚಲಕರಂಜಿಯಿಂದ ಒಬ್ಬಾಂವ ಬರಾಕ ತಯಾರ ಅದಾನ, ನಾ ಎಷ್ಟ ದಿನ ಮಿಸ್ತ್ರಿ ಇಲ್ಲದ ನಡಸ್ಲಿ, ಅವರದೂ ತಪ್ಪಲ್ಲ. ಸಹಿ ಮಾಡಿ ಕಾರ್ಯಕ್ರಮ ನಿಂತುಹೋದರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ, ಐವತ್ತೇಳನೆಯ ವಯಸ್ಸಿನಲ್ಲಿ ಸೀರೆ ಬಿಚ್ಚಿ ಮತ್ತೆ ಪಾನಾ ಹಿಡಿಯಲು ಯಾರ ಬಾಗಿಲಿಗೆ ಹೋಗುವುದು. ಸಹಿ ಮಾಡದೆ ಬಂದು ಅದು ಓಡಿಬಿಟ್ಟರೆ, ಇನ್ನೊಬ್ಬ ಯಾವನೋ ಅದೇ ಸೀರೆ ಉಟ್ಟು ಇಂದ್ರವ್ವ ಆದರೆ, ಅದನ್ನು ನಮ್ಮ ಮನೆಯ ಟೀವಿಯಲ್ಲಿ ನೋಡುತ್ತ ಇವರು ರೊಟ್ಟಿ ಹೇಗೆ ನುಂಗಬೇಕು. ಅದಕ್ಕೇ ನನ್ನನ್ನು ಕೇಳಿದ್ದಾರೆ.

ನನ್ನನ್ನೇ ಯಾಕೆ ಅಂದರೆ ಬನಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನೇ ಹೇಳಿಕೊಂಡರೆ ಜಂಬ ಅನ್ನುತ್ತಾರೆ, ಅಂದರೆ ಅನ್ನಲಿ, ಊರಿಗೆ ಕೇಬಲ್ ಬಂದು ಹದಿಮೂರು ವರ್ಷ, ಹದಿಮೂರು ವರ್ಷದಲ್ಲಿ ಯಾವ ಹಾಸ್ಯ ಧಾರಾವಾಹಿ ಉಳಿಯುತ್ತದೆ, ಯಾವುದು ಶ್ರಾವಣ ದಾಟುವುದಿಲ್ಲ ಅಂತ ನಾನು ಹೇಳಿದ್ದು ತಪ್ಪಿದ್ದು ಒಂದೇ ಸಲ. ಕೇಬಲ್ಲಿನ ಕಲ್ಮೇಶ ಪ್ರತಿ ಹೊಸದು ಶುರುವಾದಾಗ ಗಾಡಿ ನಿಲ್ಲಿಸಿ ಕೇಳುತ್ತಾನೆ, ಮುತ್ತಕ್ಕಾ ಇದು ಎಷ್ಟ ದಿನ ಬದಕತೈತಿ, ನಾನು ಸೆರಗು ಕಿವಿಯ ಹಿಂದೆ ಸರಿಸಿ ಏನಂದಿ ಅನ್ನುತ್ತೇನೆ, ಅವನು ಮತ್ತೆ ಕೂಗುತ್ತಾನೆ, ನಾನು ಹೇಳುತ್ತೇನೆ, ಅವನು ಹೋಗಿ ಚಹಾದಂಗಡಿಯಲ್ಲಿ ತಾನೇ ಕಂಡುಹಿಡಿದ ಹಾಗೆ ಹೇಳುತ್ತಾನೆ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ಎಲ್ಲ ಈ ಶೆಡ್ಡಿನದು. ಕ್ರಿಕೆಟ್ ನೋಡಲು ಮಂದಿ ಮಗ್ಗ ಬಿಟ್ಟು ಹೊರಗೆ ಓಡುತ್ತಾರೆ ಅಂತ ಸಾಹುಕಾರರು ಒಂದು ಹಳೆ ಟೀವಿ ತಂದು ಗೋಡೆಗೆ ಹಲಗೆ ಬಡಿದು ಕೂರಿಸಿದರು, ಹನ್ನೆರಡು ಮಗ್ಗ ಬಡಿಯುವಲ್ಲಿ ಟೀವಿಯ ಸದ್ದು ಯಾರಿಗೆ ಕೇಳಬೇಕು, ಸದ್ದಿನ ಗುಂಡಿ ಉದುರಿಹೋಗಿ ಎಷ್ಟು ವರ್ಷವಾಯಿತೋ ಯಾರೂ ಹುಡುಕಿಲ್ಲ. ಇಲ್ಲಿ ನಾವು ಮಾತಾಡುವುದೇ ತುಟಿಯಲ್ಲಿ, ಕೈಯಲ್ಲಿ, ಎರಡು ಬೆರಳು ಸುತ್ತಿದರೆ ಕಂಡಿಕೆ ಬೇಕು, ಹೊಟ್ಟೆಯ ಮೇಲೆ ಕೈಯಾಡಿಸಿದರೆ ಸಾಹುಕಾರರು ಬಂದರು. ಹಾಗಿರುವವರಿಗೆ ಮಾತಿನ ಚಮತ್ಕಾರ ತಗೊಂಡು ಏನಾಗಬೇಕು, ಮಾತು ತೆಗೆದ ಮೇಲೂ ನಗು ಬಂದರೆ ಅದು ನಗು. ಮತ್ತು ನೇಕಾರ ನಕ್ಕನೋ ಇಲ್ಲವೋ ಅಂತ ಅವನ ಬಾಯಿ ನೋಡಬೇಕಾಗಿಲ್ಲ, ಬಟ್ಟೆ ಹೇಳುತ್ತದೆ — ಅವನು ಟೀವಿಯಲ್ಲಿ ಮೈಮರೆತಾಗ ಲಾಳಿಯ ನೂಲು ಮುಗಿದಿರುತ್ತದೆ, ಮಗ್ಗ ಮಾತ್ರ ಬಡಿಯುತ್ತಲೇ ಇರುತ್ತದೆ, ಅಡ್ಡ ಎಳೆಯೇ ಇಲ್ಲದೆ ಬೆರಳಗಲ ಜಾಳು ಬೀಳುತ್ತದೆ ಸೀರೆಯಲ್ಲಿ. ಒಂದು ವಾರ ನೋಡಿ, ಜಾಳು ಬಿದ್ದರೆ ಕಾರ್ಯಕ್ರಮ ಉಳಿಯಿತು, ಬಟ್ಟೆ ಬಿಗಿಯಾಗಿದ್ದರೆ ಅದು ಮುಗಿಯಿತು. ಮಧ್ಯಾಹ್ನ ಸಾಹುಕಾರರು ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ಬೈಯುತ್ತಾರೆ, ಯಾವ ಸುಡುಗಾಡ ನೋಡಾಕತ್ತಿದ್ರಿ, ನಾಕ ಸೀರಿ ಹಾಳ ಮಾಡೀರಿ, ನಾನು ಮನಸ್ಸಿನಲ್ಲೇ ಬರೆದುಕೊಳ್ಳುತ್ತೇನೆ, ಇದು ಎರಡು ವರ್ಷ ನಡೆಯುತ್ತದೆ. ತಪ್ಪಿದ ಒಂದು ಸಲ ಯಾವುದೆಂದರೆ ಬಾಡಿಗೆ ಮನೆಯ ಹುಡುಗಿಯ ಧಾರಾವಾಹಿಯದು, ಆಕೆಯ ಮುಖದಲ್ಲಿ ನನ್ನ ಮಗಳು ವೈಶಾಲಿಯ ಕಳೆ ಇತ್ತು, ಉಳಿಯಲಿ ಅಂತ ನನಗೆ ಆಸೆ ಇತ್ತು, ಬಟ್ಟೆ ನೋಡದೆ ನನ್ನ ನಗುವನ್ನೇ ನಂಬಿ ಉಳೀತೈತಿ ಅಂದುಬಿಟ್ಟೆ, ಹದಿಮೂರು ಕಂತಿಗೆ ಅಂಗಡಿ ಮುಚ್ಚಿದರು. ಆವತ್ತಿನಿಂದ ಮನಸ್ಸು ಒಳಗೆ ಸೇರಿದ ಕಡೆ ನನ್ನ ನಗುವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರಲ್ಲಂತೂ ಮನಸ್ಸು ಕಂಠದ ತನಕ ಸೇರಿದೆ, ಹಾಗಾಗಿ ಸೋಮವಾರ ರಾತ್ರಿ ಎಂಟು ಗಂಟೆಗೆ ಮೊದಲ ಕಂತು ಬಂದಾಗಿನ ನಗುವನ್ನು ನಾನು ಪಕ್ಕಕ್ಕಿಟ್ಟಿದ್ದೇನೆ. ಅಜ್ಜಿ ಹೇಳಿದ್ದ ಖರೆ ಅಂತ ಹೆಸರು, ಅಕ್ಷರ ಬಂದವು, ಅಕ್ಷರದ ಹಿಂದೆ ಇವರು ಬಂದರು, ಓಣಿಯ ಮಂದಿ ಎಲ್ಲ ನಮ್ಮ ಪಡಸಾಲೆಯಲ್ಲಿ, ಮುಧೋಳದಿಂದ ಮಗಳು ವೈಶಾಲಿ ಬಂದಿದ್ದಳು, ಕಂಡಿಕೆ ಸುತ್ತುವ ಮಾದೇವಿ ಬಾಗಿಲ ಹತ್ತಿರ, ಎಲ್ಲರೂ ಬಿದ್ದು ಬಿದ್ದು ನಕ್ಕರು, ನಗುವುದು, ತಿರುಗಿ ನನ್ನನ್ನು ನೋಡುವುದು, ಮತ್ತೆ ನಗುವುದು, ಹೆಂಡತಿ ಅಂತ ನೋಡುತ್ತಿದ್ದಾರೆ ಅಂದುಕೊಂಡು ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ, ದೊಡ್ಡಸ್ತಿಕೆ ಬಿಡಲಿಕ್ಕೆ ಆಗುತ್ತದೆಯೇ. ವೈಶಾಲಿ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಂತೆ ನಕ್ಕಳು, ಅವ್ವಾ, ನಿನಗ ಗೊತ್ತಾಗ್ಲಿಲ್ಲೇನ, ಅಂದಳು, ಗೊತ್ತಾತ ಗೊತ್ತಾತ, ಸೀರಿ ಉಟ್ಟಾಂವ ನಿಮ್ಮಪ್ಪ, ಮೂವತ್ತ ವರ್ಷ ಆತ ನೋಡಾಕತ್ತಿ, ಅಂದೆ, ಅವಳು ಇನ್ನೂ ಜೋರಾಗಿ ನಕ್ಕಳು. ಅದು ನಗುವಲ್ಲ, ಮರ್ಯಾದೆ. ನಮ್ಮ ಹೊಳಬಸಪ್ಪ ಟೀವಿಯಲ್ಲಿ ಬಂದ ಅಂತ ಖುಷಿ, ಅಂಥದ್ದಕ್ಕೆ ಇವರು ಕೆಮ್ಮಿದ್ದರೂ ನಗುತ್ತಿದ್ದರು. ನಾನು ಇವರನ್ನು ಮೊದಲು ನೋಡಿದ್ದೇ ಸೀರೆಯಲ್ಲಿ, ಬೀಳಗಿ ಕಡೆಯ ನನ್ನ ತವರೂರು, ಆ ಊರು ಈಗ ಹಿನ್ನೀರಿನ ಕೆಳಗಿದೆ, ನಾಟಕದ ಕಟ್ಟೆಯ ಮೇಲೆ ಈಗ ಮೀನು ಓಡಾಡುತ್ತಿರಬೇಕು, ಆ ಕಟ್ಟೆಯ ಮೇಲೆ ಬನಹಟ್ಟಿಯ ನಾಟಕದವರು ಬಂದು ಆಡಿದಾಗ ಮುದುಕಿಯ ಪಾತ್ರದಲ್ಲಿ ಇವರು, ನನ್ನವ್ವ ಪಕ್ಕದವಳಿಗೆ ಅಂದಿದ್ದಳು, ಹೆಣ್ಣಾಗಿ ಇಷ್ಟ ಛಲೋ ಕಾಣಾಂವ ಗಂಡಸಾಗಿ ಹೆಂಗ ಇರ್ತಾನೋ ಏನೋ, ಆರು ತಿಂಗಳಿಗೆ ಅವನಿಗೇ ನನ್ನನ್ನು ಕೊಟ್ಟರು. ಗಂಡಸಾಗಿ ಬಹಳ ಮಾತಿಲ್ಲದ ಮನುಷ್ಯ. ಮನೆಯಲ್ಲಿ ಒಂದು ದಿನವೂ ನಗಿಸಿದ್ದಿಲ್ಲ ನನ್ನನ್ನು, ಗೋಡೆ ನೋಡುತ್ತಾರೆ, ತಾಟು ನೋಡುತ್ತಾರೆ, ಉಪ್ಪು ಕಮ್ಮಿಯಾದರೂ ಹೇಳುವುದಿಲ್ಲ, ಬಣ್ಣ ಹಚ್ಚಿದ ಮೇಲೆ ಮಾತ್ರ ಎಲ್ಲಿಂದಲೋ ಎಲ್ಲ ಬರುತ್ತದೆ. ಆದರೆ ಹಿಂದೆಲ್ಲ ಇವರ ಮುದುಕಿ ನಾಟಕದ ಮುದುಕಿಯಾಗಿರುತ್ತಿದ್ದಳು, ಸೊಂಟ ಬಗ್ಗಿಸಿ, ಕೋಲು ಕುಟ್ಟಿ, ಬಾಯಿ ಸೊಟ್ಟ ಮಾಡಿ. ಈ ಇಂದ್ರವ್ವ ಹಾಗಿಲ್ಲ, ಸುಮ್ಮನೆ ಮನೆಯಲ್ಲಿ ಇದ್ದುಬಿಡುತ್ತಾಳೆ, ಡಬ್ಬಿ ಖಾಲಿಯೋ ಅಂತ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾಳೆ, ಗ್ಯಾಸಿನ ಸಿಲಿಂಡರಿಗೆ ಬೈಯುತ್ತಾಳೆ, ಯಾರಾದರೂ ಮಾತಾಡಿಸಿದರೆ ಎರಡು ಬೆರಳಿನಿಂದ ಸೆರಗನ್ನು ಕಿವಿಯ ಹಿಂದೆ ತಳ್ಳಿ, ಕತ್ತು ಮುಂದೆ ಚಾಚಿ, ಬಾಯಿ ಅರ್ಧ ತೆರೆದು ನಿಲ್ಲುತ್ತಾಳೆ, ಕೇಳಿದ ಮೇಲೂ ಒಂದು ಗಳಿಗೆ ಹಾಗೇ ನಿಂತಿರುತ್ತಾಳೆ, ಆ ಗಳಿಗೆಗೇ ಮಂದಿ ನಗುವುದು. ಇದನ್ನೆಲ್ಲಿ ಕಲಿತರು, ಯಾರು ಹೇಳಿಕೊಟ್ಟರು, ಡೈರೆಕ್ಟರು ಇರಬೇಕು, ಅವನೂ ಜಮಖಂಡಿಯಲ್ಲಿ ನೇಕಾರ ಸಂಘದ ವಾರ್ಷಿಕೋತ್ಸವದ ನಾಟಕ ನೋಡಿ ಇವರನ್ನು ಹಿಡಿದುಕೊಂಡು ಹೋದವನು, ಬುದ್ಧಿವಂತನೇ ಇರಬೇಕು.

ಇಷ್ಟಕ್ಕೂ ನನಗೆ ಏನು ಬೇಕು ಅಂತ ನನ್ನನ್ನೇ ನಾನು ಕೇಳಿಕೊಂಡರೆ, ಬರಬೇಕು, ಬಂದುಬಿಡಬೇಕು, ಅಷ್ಟೇ. ಇಲ್ಲದ್ದು ಹೇಳಬಾರದು, ಒಬ್ಬಳೇ ಇರುವುದರಲ್ಲಿ ಒಂದು ಸುಖವೂ ಇದೆ, ರೇಡಿಯೋ ನನ್ನ ಇಷ್ಟದ್ದು, ಬೆಳಿಗ್ಗೆ ಎದ್ದ ತಕ್ಷಣ ಬಚ್ಚಲಿಗೆ ಕಾಯಬೇಕಾಗಿಲ್ಲ, ಒಂದು ಸೊಪ್ಪು ಮಾಡಿ ಎರಡು ಹೊತ್ತು ಉಂಡರೆ ಕೇಳುವವರಿಲ್ಲ, ಮೈಯೂ ಸ್ವಲ್ಪ ತುಂಬಿಕೊಂಡಿದೆ ಅಂತ ವೈಶಾಲಿಯೇ ಅಂದಳು. ಆದರೆ ಮಧ್ಯಾಹ್ನ ಐದನೆಯ ಮತ್ತು ಆರನೆಯ ಮಗ್ಗದ ನಡುವೆ ರೊಟ್ಟಿಯ ಬಟ್ಟೆ ಬಿಚ್ಚಿ ಕೂತಾಗ ಎದುರಿಗೆ ಯಾರೂ ಇರುವುದಿಲ್ಲ, ಇಪ್ಪತ್ತೆಂಟು ವರ್ಷ ಆ ಜಾಗದಲ್ಲಿ ಎದುರುಬದುರು ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ಉಂಡವರು ನಾವು, ಈಗ ಮಾದೇವಿ ಬಂದು ಕೂರುತ್ತಾಳೆ, ಪಾಪ, ಅವಳ ಪಲ್ಯ ಚೆನ್ನಾಗಿರುತ್ತದೆ, ಅವಳು ಎದುರಿಗಲ್ಲ ಪಕ್ಕಕ್ಕೆ ಕೂರುತ್ತಾಳೆ. ಓಡೂದಿಲ್ರಿ, ಬಂದಬಿಡ್ರಿ — ಬೆಳಿಗ್ಗೆಯಿಂದ ಈ ಮಾತು ನಾಲಿಗೆಯ ತುದಿಯಲ್ಲಿ ಕೂತಿದೆ, ಎರಡು ಸಲ ನುಂಗಿದ್ದೇನೆ. ಇವರು ನಂಬುತ್ತಾರೆ, ಅದೇ ತೊಂದರೆ. ನಾನು ಓಡುವುದಿಲ್ಲ ಅಂದರೆ ಇನ್ನೊಂದು ಮಾತು ಕೇಳದೆ ಸೀರೆ ಮಡಚಿಟ್ಟು ರಾತ್ರಿ ಬಸ್ಸಿಗೆ ಬರುತ್ತಾರೆ, ಸೋಮವಾರ ಪಾನಾ ಹಿಡಿಯುತ್ತಾರೆ, ಒಂದು ದಿನವೂ ಎತ್ತಿ ಆಡುವುದಿಲ್ಲ. ಅಂಥವರಿಗೆ ಸುಳ್ಳು ಹೇಳಿ ನಾನು ಎಲ್ಲಿಗೆ ಹೋಗಲಿ, ಮಗ್ಗದ ಕೆಳಗೆ ತೂರಿದ ಇವರ ಕಾಲು ಕಂಡಾಗಲೆಲ್ಲ ಆ ಸುಳ್ಳು ನೆನಪಾಗುತ್ತದೆ. ಅದಕ್ಕೇ ಸಿದರಾಯ. ಇದೇ ಆರನೆಯ ಮಗ್ಗ, ಅದರ ಪಕ್ಕದ್ದೂ ಅವನದೇ, ಎರಡು ಮಗ್ಗ ನೋಡಿಕೊಳ್ಳುತ್ತಾನೆ, ಚಿಮ್ಮಡದವನು, ಕುರಿ ಸಾಕುವ ಮನೆತನ, ಹಣೆಗೆ ಬೀರೇಶ್ವರನ ಅರಿಸಿನ ಭಂಡಾರ ಇಲ್ಲದೆ ಮಗ್ಗ ಮುಟ್ಟುವುದಿಲ್ಲ, ನಲವತ್ತು ದಾಟಿದ ಗಂಡಸು, ಬುಧವಾರ ಕೆಲಸಕ್ಕೆ ಸೇರಿದ, ಮೂರು ದಿನದಲ್ಲಿ ನಕ್ಕಿದ್ದನ್ನು ಯಾರೂ ನೋಡಿಲ್ಲ, ಟೀವಿಯ ಕಡೆ ತಲೆ ಎತ್ತಿದ್ದನ್ನೂ ನೋಡಿಲ್ಲ, ಅವನ ಬಟ್ಟೆ ಬೆಳಕಿಗೆ ಹಿಡಿದು ಸಾಹುಕಾರರು ಎಲ್ಲರಿಗೂ ತೋರಿಸಿದರು, ನೋಡ್ರಿ, ಒಂದ ಎಳಿ ಹೆಚ್ಚಿಲ್ಲ ಒಂದ ಎಳಿ ಕಮ್ಮಿಲ್ಲ. ಅವನಿಗೆ ಹೊಳಬಸಪ್ಪ ಯಾರೆಂದು ಗೊತ್ತಿಲ್ಲ, ಟೀವಿಯ ಅಜ್ಜಿ ಗಂಡಸು ಅಂತಲೂ ಗೊತ್ತಿಲ್ಲ, ಹೇಳಬ್ಯಾಡ್ರಿ ಯಾರೂ, ಅಂತ ಬೆಳಿಗ್ಗೆಯೇ ಎಲ್ಲರಿಗೂ ತುಟಿಯಲ್ಲಿ ತಾಕೀತು ಮಾಡಿದ್ದೇನೆ, ಉಳಿದವರು ನಕ್ಕರೂ ಅಷ್ಟೆ ಅತ್ತರೂ ಅಷ್ಟೆ, ಅವರೆಲ್ಲ ನಮ್ಮವರು. ಸಿದರಾಯ ನಕ್ಕರೆ ಓಡುತ್ತದೆ, ನಗದಿದ್ದರೆ ಇಲ್ಲ, ದೇವರ ಮುಂದೆ ಹೂವು ಇಟ್ಟು ಕೇಳುವುದಕ್ಕಿಂತ ಇದು ಸುಲಭ.

ಹನ್ನೊಂದಾಯಿತು, ಅಕ್ಷರ ಬಂದವು. ನಾನು ಟೀವಿ ನೋಡಬಾರದು, ಸಿದರಾಯನನ್ನು ನೋಡಬೇಕು, ಆದರೆ ಕಣ್ಣು ಕೇಳುತ್ತದೆಯೇ, ಅರ್ಧ ಅಲ್ಲಿ ಅರ್ಧ ಇಲ್ಲಿ. ಇಂದ್ರವ್ವ ಕಟ್ಟೆಯ ಮೇಲೆ ಕೂತು ಕಡಲೆ ಆರಿಸುತ್ತಿದ್ದಾಳೆ, ಸಿದರಾಯ ಮಗ್ಗ ನೋಡುತ್ತಿದ್ದಾನೆ. ಸೊಸೆ ಬಂದು ಏನೋ ಕೂಗಿದಳು, ಇಂದ್ರವ್ವ ಎರಡು ಬೆರಳಿನಿಂದ ಸೆರಗು ಹಿಂದೆ ತಳ್ಳಿದಳು, ಸಿದರಾಯ ಮಗ್ಗ ನೋಡುತ್ತಿದ್ದಾನೆ. ಒಂದನೆಯ ಮಗ್ಗದವನು ನಕ್ಕ, ಮೂರನೆಯವನು ನಕ್ಕ, ಮಾದೇವಿ ಸೆರಗು ಕಚ್ಚಿಕೊಂಡಳು, ನಮ್ಮವರದು ಲೆಕ್ಕಕ್ಕಿಲ್ಲ, ಸಿದರಾಯ ಲಾಳಿ ಬದಲಿಸಿದ, ಎಳೆ ಸರಿಮಾಡಿದ, ಮಗ್ಗ ನೋಡಿದ, ಈ ಮನುಷ್ಯನ ತಾಯಿ ಇವನಿಗೆ ಯಾವ ಹಾಲು ಕುಡಿಸಿದಳೋ. ಹನ್ನೊಂದು ಹತ್ತು. ನನ್ನೊಳಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ, ಸುಳ್ಳು ಯಾಕೆ, ಸಣ್ಣ ಸಮಾಧಾನ — ನಗುವುದಿಲ್ಲ ಇವನು, ಬರುತ್ತಾರೆ ಇವರು, ಸೋಮವಾರ ಸಜ್ಜೆ ರೊಟ್ಟಿ ಮಾಡಬೇಕು, ಹಿತ್ತಲ ಬಾಗಿಲಿನ ಅಗಳಿ ಸಡಿಲವಾಗಿದೆ, ಹೇಳಬೇಕು. ಆಗ ಟೀವಿಯಲ್ಲಿ ನಾಯಿ ಬಂತು. ಮುಧೋಳ ನಾಯಿ, ತಿಮ್ಮಾಪುರದ ನಾಯಿ ಸಾಕುವ ಕೇಂದ್ರದ ಕಡೆ ಕಾಣುತ್ತವಲ್ಲ ಅಂಥದ್ದು, ಸಪೂರ ಹೊಟ್ಟೆ, ಉದ್ದ ಕಾಲು, ಮೊಮ್ಮಗ ಎಲ್ಲಿಂದಲೋ ತಂದು ಅಜ್ಜಿಯ ಮುಂದೆ ನಿಲ್ಲಿಸಿದ, ಮತ್ತು ಸಿದರಾಯ ತಲೆ ಎತ್ತಿದ. ಕುರಿಯವರ ಮಗ, ನಾಯಿ ಅಂದರೆ ಜೀವ ಇರಬೇಕು, ನಾಯಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ, ಪರವಾಗಿಲ್ಲ ಅನ್ನುವ ಹಾಗೆ ಗದ್ದ ಆಡಿಸಿದ. ನಾಯಿ ಇಂದ್ರವ್ವನನ್ನು ನೋಡಿತು. ಇಂದ್ರವ್ವ ನಾಯಿಯನ್ನು ನೋಡಿದಳು, ನಾಯಿ ಒಂದು ಸಲ ಬೊಗಳಿತು, ಇಂದ್ರವ್ವ ಎರಡು ಬೆರಳಿನಿಂದ ಸೆರಗನ್ನು ಕಿವಿಯ ಹಿಂದೆ ತಳ್ಳಿ, ಕತ್ತು ಚಾಚಿ, ಬಾಯಿ ಅರ್ಧ ತೆರೆದು ನಿಂತಳು — ಏನಂದಿ, ಇನ್ನೊಮ್ಮೆ ಹೇಳು ಅನ್ನುವ ಹಾಗೆ — ನಾಯಿ ಮತ್ತೆ ಬೊಗಳಿತು, ಅವಳು ಕೇಳಿಸಿಕೊಂಡು, ಸರಿ ಬಿಡಪ್ಪ ಅನ್ನುವ ಹಾಗೆ ತಲೆಯಾಡಿಸಿದಳು. ಸಿದರಾಯನ ತುಟಿಯ ಒಂದು ಮೂಲೆ ಅಲುಗಿತು. ಅಲುಗಿತು, ನಾನು ನೋಡಿದೆ, ಕಂಡಿಕೆ ತುಂಬಿ ಉಕ್ಕುತ್ತಿದೆ, ಉಕ್ಕಲಿ. ಮಾದೇವಿ ನನ್ನ ತೋಳು ತಿವಿದು ಏನೋ ಅಂದಳು, ತುಟಿ ಅಡ್ಡ ತಿರುಗಿಸಿ ಅಂದಳು, ತಿಳಿಯಲಿಲ್ಲ, ಸೆರಗು ಹಿಂದೆ ಸರಿಸಿ ಏನ ಅಂದಿ ಅಂತ ಬಗ್ಗಿದೆ, ಅದೇ ಹೊತ್ತಿಗೆ ಸಿದರಾಯ ನಗುವನ್ನು ಯಾರ ಜೊತೆಗಾದರೂ ಹಂಚಿಕೊಳ್ಳಬೇಕು ಅಂತ ತಿರುಗಿದನೋ ಏನೋ, ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನನ್ನು ನೋಡಿದ. ಟೀವಿ ನೋಡಿದ. ಮತ್ತೆ ನನ್ನನ್ನು ನೋಡಿದ. ಆಮೇಲೆ ಆ ಮನುಷ್ಯ ಎರಡೂ ಕೈಯಿಂದ ಹೊಟ್ಟೆ ಹಿಡಿದು ಮಗ್ಗದ ಕಂಬಕ್ಕೆ ಒರಗಿದ, ಬಾಯಿ ಇಷ್ಟಗಲ, ಭಂಡಾರದ ಹಣೆ ಬೆವೆತು ಹಳದಿ ನೀರು ಇಳಿಯುತ್ತಿದೆ, ಕಣ್ಣೀರೂ ಇಳಿಯುತ್ತಿದೆ, ಅವನ ಹಿಂದೆ ಆರನೆಯ ಮಗ್ಗದ ಲಾಳಿಯಲ್ಲಿ ನೂಲು ಮುಗಿದಿದೆ, ಮಗ್ಗ ಬಡಿಯುತ್ತಲೇ ಇದೆ, ಒಂದು ಬೆರಳು, ಎರಡು ಬೆರಳು, ನಾಲ್ಕು ಬೆರಳಗಲ ಜಾಳು. ಏನಾಯಿತೋ ಅಂತ ನಾನು ಕೈಯಲ್ಲಿ ಕೇಳಿದೆ. ಅವನು ಟೀವಿಯ ಕಡೆ ಬೆರಳು ತೋರಿಸಿದ, ನನ್ನ ಕಡೆ ತೋರಿಸಿದ, ಆಮೇಲೆ ತನ್ನ ಎರಡು ಬೆರಳು ಎತ್ತಿ ಇಲ್ಲದ ಸೆರಗನ್ನು ಕಿವಿಯ ಹಿಂದೆ ತಳ್ಳಿದ, ಕತ್ತು ಚಾಚಿದ, ಬಾಯಿ ಅರ್ಧ ತೆರೆದ. ಶೆಡ್ಡಿನ ಮಾತು ಶೆಡ್ಡಿನವರಿಗೆ ತಪ್ಪಾಗಿ ತಿಳಿಯುವುದಿಲ್ಲ. ಆ ಅಜ್ಜಿ ನೀನು, ಅಂದಿದ್ದ ಅವನು.

ನಾನೆಲ್ಲಿ ಹಾಗೆ ಮಾಡುತ್ತೇನೆ ಅಂತ ಹೇಳಲು ಬಾಯಿ ತೆರೆದೆ, ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು. ಮುಖ ಕಾದ ಹಂಚಾಯಿತು. ಮಾದೇವಿ ನೆಲ ನೋಡುತ್ತಿದ್ದಾಳೆ, ಹೆಗಲು ಕುಲುಕುತ್ತಿದೆ, ಎಲ್ಲರಿಗೂ ಗೊತ್ತಿತ್ತು, ಸೋಮವಾರ ರಾತ್ರಿ ಪಡಸಾಲೆಯಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡಿದ್ದು ಹೆಂಡತಿಯನ್ನಲ್ಲ, ಇಂದ್ರವ್ವನನ್ನು, ನಿನಗ ಗೊತ್ತಾಗ್ಲಿಲ್ಲೇನ ಅವ್ವಾ ಅಂದಿದ್ದು ಇದಕ್ಕೆ, ನಾನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆನಲ್ಲ, ದೇವರೇ. ಸಿಟ್ಟು ಬಂತು, ಬರಲಿ ಇವರು, ಬರಲಿ ಸೋಮವಾರ, ಪಾನಾ ನಾನೇ ಹಿಡಿದುಕೊಂಡು ನಿಲ್ಲುತ್ತೇನೆ ಬಾಗಿಲಲ್ಲಿ, ಊರ ಮುಂದೆ, ನಾಡಿನ ಮುಂದೆ ನನ್ನನ್ನು ಆಡಿಸಿದಿರಾ — ಡಬ್ಬಿ ಅಲ್ಲಾಡಿಸುವುದು, ಅದು ನಾನು. ಸಿಲಿಂಡರಿಗೆ ಬೈಯುವುದು, ನಾನೇ, ಖಾಲಿಯಾಗುವ ಹೊತ್ತೇ ಗೊತ್ತಿಲ್ಲ ಅದಕ್ಕೆ, ಬೈಯದೆ ಏನು ಮಾಡಲಿ. ದಿನಾ ಸಂಜೆ ಫೋನಿನಲ್ಲಿ ಇವತ್ತ ಏನೇನ ಮಾಡಿದಿ, ಎಲ್ಲಾ ಹೇಳ, ಅನ್ನುವುದು, ಒಂಟಿತನಕ್ಕೆ ಕೇಳುತ್ತಾರೆ ಅಂದುಕೊಂಡು ನಾನು ಹೇಳಿದ್ದೇ ಹೇಳಿದ್ದು, ಮಂಗಳವಾರ ಓಣಿಯ ನಾಯಿ ಹಿಟ್ಟಿನ ಗಿರಣಿಯ ತನಕ ಬೆನ್ನು ಹತ್ತಿತ್ತು, ನಿಂತು ಮಾತಾಡಿಸಿ ಬುದ್ಧಿ ಹೇಳಿ ಕಳಿಸಿದೆ, ಅಂದಿದ್ದೆ, ಗುರುವಾರ ನಾಯಿ ಟೀವಿಗೆ ಬಂತು. ಆದರೆ ಒಂದು ತಪ್ಪಿದೆಯಲ್ಲ, ಸಿಟ್ಟಿನಲ್ಲೂ ಕಣ್ಣು ಅದನ್ನೇ ಹಿಡಿದುಕೊಂಡಿತು, ನನ್ನ ಎಡ ಕಿವಿ ಮಗ್ಗದ ಕಡೆಯದು, ಅದು ಯಾವಾಗಲೋ ಹೋಯಿತು, ನಾನು ಸೆರಗು ಸರಿಸುವುದು ಬಲ ಕಿವಿಯಿಂದ, ಇವರ ಇಂದ್ರವ್ವ ಸರಿಸುವುದು ಎಡ ಕಿವಿಯಿಂದ, ಅದಕ್ಕೇ ನನಗೆ ನಾನು ಸಿಗಲಿಲ್ಲವೋ ಏನೋ, ಮಗ್ಗದ ಒಂದು ಬೋಲ್ಟು ತಪ್ಪದ ಮಿಸ್ತ್ರಿ ಇದರಲ್ಲಿ ಯಾಕೆ ಎಡ ಬಲ ತಪ್ಪಿದರು — ಐದನೆಯ ಮಗ್ಗ, ಆರನೆಯ ಮಗ್ಗ, ನಡುವೆ ರೊಟ್ಟಿಯ ಬಟ್ಟೆ. ಎದುರುಬದುರು. ಎದುರಿಗೆ ಕೂತವರಿಗೆ ನನ್ನ ಬಲ ಅವರ ಎಡದ ಕಡೆ ಬರುತ್ತದೆ. ತಾಟು ನೋಡುತ್ತಾರೆ ಅಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಮಧ್ಯಾಹ್ನ ಮಧ್ಯಾಹ್ನ, ತಲೆ ತಗ್ಗಿಸಿ ಉಪ್ಪಿಲ್ಲದ್ದನ್ನೂ ಸುಮ್ಮನೆ ಉಣ್ಣುವ ಮನುಷ್ಯ ತಾಟು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು, ಕಂಡಿದ್ದನ್ನು ಕಂಡ ಹಾಗೆಯೇ, ಕಂಡ ಕಡೆಯಿಂದಲೇ ಎತ್ತಿಟ್ಟುಕೊಂಡಿದ್ದರು. ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೆ ಸಿಗಲಿಲ್ಲ, ಖುಷಿಯಾಯಿತು ನನಗೆ, ಹೇಳಿಬಿಡುತ್ತೇನೆ, ಮದುವೆಯಲ್ಲೂ ಇಷ್ಟು ಖುಷಿಯಾಗಿರಲಿಲ್ಲ.

ಫಕ್ಕನೆ ಎಲ್ಲ ನಿಂತಿತು. ಹನ್ನೆರಡೂ ಮಗ್ಗ ಒಂದೊಂದೇ ಪೆಟ್ಟು ಹಾಕಿ ಸುಮ್ಮನಾದವು, ಟೀವಿಯ ಬೆಳಕು ನಡುವಿಗೆ ಸೇದಿ ಆರಿತು, ನೂಲಿನ ಧೂಳು ಬಿಸಿಲಿನಲ್ಲಿ ನಿಂತಿದೆ, ಸಿದರಾಯ ಒಬ್ಬನೇ ಇನ್ನೂ ಸಣ್ಣಗೆ ಬಿಕ್ಕುತ್ತಿದ್ದಾನೆ, ಅವನ ಧ್ವನಿ ಇವತ್ತೇ ಕೇಳಿದ್ದು. ಫೋನು. ವೈಶಾಲಿ ಹೇಳಿಕೊಟ್ಟ ಗುಂಡಿ ಒತ್ತಿದರೆ ಮಾತು ಹೊರಗೇ ಬರುತ್ತದೆ, ಎಡಗೈಯಲ್ಲಿ ಹಿಡಿದುಕೊಂಡು ಆರನೆಯ ಮಗ್ಗದ ಹತ್ತಿರ ಹೋದೆ, ಜಾಳಿನ ಮೇಲೆ ಬಲಗೈ ಇಟ್ಟೆ, ನಾಲ್ಕು ಬೆರಳು ಸರಿಯಾಗಿ ಕೂತವು. ಏನಾತ, ಅಂದರು ಇವರು. ಓಡೂದಿಲ್ರಿ, ಬಂದಬಿಡ್ರಿ — ನಾಲಿಗೆಯ ತುದಿಯಲ್ಲಿ ಇನ್ನೂ ಕೂತೇ ಇತ್ತು, ಮೂರನೆಯ ಸಲ ನುಂಗಿದೆ, ಈ ಸಲ ಅದು ಸಲೀಸಾಗಿ ಇಳಿಯಿತು. ಸಿದರಾಯ ಅಂತ ಹೊಸಬ ಬಂದಾನ್ರಿ, ಆರನೇದಕ್ಕ, ಜಾಳ ಬಿದ್ದೈತಿ, ಅಂದೆ. ಎಷ್ಟ, ಅಂದರು. ನಾಕ ಬೆರಳ. ಮಿಸ್ತ್ರಿಗೆ ನಾಲ್ಕು ಬೆರಳು ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸೈ ಮಾಡ್ರಿ, ಅಂದೆ, ಸೋಮವಾರ ಬರಬ್ಯಾಡ್ರಿ, ಇದು ವರ್ಷ ಅಲ್ಲ, ಹತ್ತ ವರ್ಷ ಓಡತೈತಿ, ಆರನೇದಕ್ಕ ಬೆಲ್ಟ ಸಡ್ಲ ಆಗೇತಿ, ಅದನ್ನ ಸಾಹುಕಾರರಿಗೆ ನಾ ಹೇಳ್ತೇನಿ. ಮೂಗು ಸೇದಿದರು ಇವರು. ಆಮೇಲೆ ಬಹಳ ಮೆಲ್ಲಗೆ, ಮೂವತ್ತು ವರ್ಷದಲ್ಲಿ ಇಷ್ಟು ಮೆಲ್ಲಗೆ ಮಾತಾಡಿದ್ದಿಲ್ಲ, ಮುತ್ತವ್ವ, ನಿನಗ ಸಿಟ್ಟ ಬಂದಿಲ್ಲಲಾ, ಅಂದರು. ಮಗ್ಗ ನಿಂತಿವೆ, ಶೆಡ್ಡು ನಿಶ್ಶಬ್ದ, ಒಂದೊಂದು ಅಕ್ಷರವೂ ನನಗೆ ಸ್ಪಷ್ಟ ಕೇಳಿದೆ, ಕೇಳಿದೆ ಅಂತ ಹೇಳಬೇಕು, ಬಂದಿತ್ತು ಹೋತು ಅಂತ ಹೇಳಬೇಕು, ಏನಂದ್ರಿ, ಅಂದೆ, ಅನ್ನುವಾಗ ಕಣ್ಣು ಟೀವಿಯ ಮೇಲಿತ್ತು, ಕರೆಂಟಿಲ್ಲದ ಕಪ್ಪು ಗಾಜು, ಅದರೊಳಗೆ ಇಂದ್ರವ್ವ ಎಲ್ಲಿ ನಿಂತಿದ್ದಳೋ ಅಲ್ಲೇ ಒಬ್ಬ ಹೆಂಗಸು ನಿಂತಿದ್ದಾಳೆ, ಕತ್ತು ಚಾಚಿ, ಬಾಯಿ ಅರ್ಧ ತೆರೆದು, ಗಾಜಿನ ಅದೇ ಬದಿಯಲ್ಲಿ, ಅದೇ ಕಿವಿಯ ಹತ್ತಿರ, ಎರಡು ಬೆರಳು, ಸೆರಗಿನ ಅಂಚು, ಎರಡು ಬೆರಳು —